ನಾಲ್ಕು, ಐದನೇ ಮಹಡಿಗಳ ನಡುವೆ ಹುಟ್ಟಿದ ಹಾಡು

ಹೆಸರು: ಸಾಧನಾ ಸೀತಾರಾಮ. ವಯಸ್ಸು: 29. ಉದ್ಯೋಗ: ಗೋರೆಗಾಂವ್‌ನ ಸ್ಟುಡಿಯೋದಲ್ಲಿ ಧ್ವನಿ ಸಂಕಲನ. ವಾಸ: ಆರನೇ ಮಹಡಿ, ಸಯನ್ ಪೂರ್ವ, ಮುಂಬೈ.

ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ದೂರಿನಲ್ಲಿ ಹೆಸರಿಸಿರುವ ಪೂವಪ್ಪ, 58 ವರ್ಷ, ನಮ್ಮ ಬಿಲ್ಡಿಂಗಿನ ಲಿಫ್ಟ್‌ಮ್ಯಾನ್. ನಾನು ಶಾಲೆಗೆ ಸೇರಿದ ದಿನದಿಂದ ಪರಿಚಿತರು.

ದಿನಾಂಕ 11-1-2025ರ ಶನಿವಾರ ಬೆಳಿಗ್ಗೆ 11.23ಕ್ಕೆ ನಾನು ರೆಕಾರ್ಡರ್ ಹಿಡಿದು ಲಿಫ್ಟ್ ಹತ್ತಿದೆ. ನಾನು ಸಿಂಥ್‌ವೇವ್, ಅಂದರೆ ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳ ನಾದದ ಸಂಗೀತ ಮಾಡುತ್ತೇನೆ. ಆಲ್ಬಮ್ಮಿನ ಎಂಟು ಹಾಡು ಮುಗಿದಿದ್ದವು. ಕೊನೆಯದಕ್ಕೆ ಲಿಫ್ಟಿನ ಮೋಟಾರಿನ ಗುಂಯ್‌ಗುಡುವ ಸದ್ದು ಬೇಕಿತ್ತು. ಐದನೇ ಮಹಡಿಯ ಅಲಮೇಲು ಅಮ್ಮ, 74 ವರ್ಷ, ತರಕಾರಿ ಚೀಲದೊಂದಿಗೆ ಜೊತೆಗಿದ್ದರು.

11.24ಕ್ಕೆ ಲಿಫ್ಟ್ ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ನಿಂತಿತು. 11.31ಕ್ಕೆ ಸೊಸೈಟಿ ಸೆಕ್ರೆಟರಿ ಹಿತೇಶ್ ಐದನೇ ಮಹಡಿಯ ಜಾಲರಿ ಬಾಗಿಲು ತೆರೆದು, ಲಿಫ್ಟಿಗೂ ಮಹಡಿಗೂ ನಡುವಿನ ಸಂದಿಯಿಂದ ಹತ್ತಿ ಬನ್ನಿ ಎಂದು ಹಿಂದಿಯಲ್ಲಿ ಕೂಗಿದರು. ಅಲಮೇಲು ಅಮ್ಮ ಕೈ ಚಾಚಿದರು. ಪೂವಪ್ಪ ಲಿಫ್ಟಿನ ಒಳಬಾಗಿಲು ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತು, "ಬೇಡಮ್ಮ, ಲಿಫ್ಟ್ ಅಲ್ಲಾಡಿದ್ರೆ ಜೀವವೇ ಹೋದೀತು. ನಾನಿದ್ದೇನಲ್ಲ, ಕೂತುಕೊಳ್ಳಿ" ಎಂದರು. ಹಿತೇಶ್ ಬೈದರೂ ಅವರು ಕದಲಲಿಲ್ಲ. 11.38ಕ್ಕೆ ಲಿಫ್ಟ್ ಒಮ್ಮೆಲೇ ಎರಡು ಅಡಿ ಕೆಳಗೆ ಕುಸಿಯಿತು. ಆಗ ಆ ಸಂದಿಯಲ್ಲಿ ಯಾರೂ ಇರಲಿಲ್ಲ.

ಅಲಮೇಲು ಅಮ್ಮ ಬೆವತು ಅಳತೊಡಗಿದರು. ಪೂವಪ್ಪ ಪಕ್ಕದಲ್ಲಿ ಕುಳಿತು, ತಮ್ಮ ತಾಯಿ ನಾಟಿ ಮಾಡುವಾಗ ಹೇಳುತ್ತಿದ್ದ ತುಳು ಹಾಡನ್ನು ಮೆಲ್ಲಗೆ ಹಾಡಿದರು. ಅಲಮೇಲು ಅಮ್ಮ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಬರೀ ಕೌನ್ಸಾ ಮಾಲಾ, ಯಾವ ಮಹಡಿ ಅಂತ ಕೇಳ್ದೆಯಲ್ಲೋ, ಹಾಡ್ತೀನಿ ಅಂತ ಒಂದಿನಾನಾದ್ರೂ ಹೇಳಿದ್ಯಾ?" ಎಂದರು. ಎರಡನೇ ಸಲಕ್ಕೆ, ಮಾತು ಗೊತ್ತಿಲ್ಲದಿದ್ದರೂ, ಅವರೂ ದನಿಗೂಡಿಸಿದರು.

12.11ಕ್ಕೆ ಮೆಕ್ಯಾನಿಕ್ ಬಂದು ಲಿಫ್ಟನ್ನು ನಾಲ್ಕನೇ ಮಹಡಿಗೆ ಇಳಿಸಿದ. ಹೊರಬಂದ ಮೇಲೆ ಅಲಮೇಲು ಅಮ್ಮ ತಲೆ ಸುತ್ತಿ ಬಿದ್ದರು. ಸಂಜೆಯೊಳಗೆ ಆಸ್ಪತ್ರೆಯಿಂದ ಮನೆಗೆ ಬಂದರು. ಪೂವಪ್ಪ ಹಟದಿಂದ 47 ನಿಮಿಷ ಕೂಡಿಹಾಕಿದ್ದೇ ಇದಕ್ಕೆ ಕಾರಣವೆಂದು ಹಿತೇಶ್ ದೂರು ಕೊಟ್ಟು, ಅವರನ್ನು ಕೆಲಸದಿಂದ ನಿಲ್ಲಿಸಿದರು.

ಪೂರ್ತಿ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ನಲ್ಲಿ ಒಪ್ಪಿಸಿದ್ದೇನೆ. ಇಂದು ಠಾಣೆಯಲ್ಲಿ ಹಿತೇಶ್ ಅವರೂ ಅದನ್ನು ಕೇಳಿದರು. ಲಿಫ್ಟ್ ಕುಸಿದ ಸದ್ದು ಬಂದಾಗ ನಿಲ್ಲಿಸಲು ಹೇಳಿ, ಹೊರಗೆ ಹೋಗಿ ಪೂವಪ್ಪನವರಿಗೆ ಫೋನ್ ಮಾಡಿದರು. ನಾಳೆಯಿಂದ ಕೆಲಸಕ್ಕೆ ಬರಬೇಕೆಂದೂ, ದೂರು ಹಿಂಪಡೆಯುವುದಾಗಿಯೂ ಹೇಳಿದ್ದು ನನಗೆ ಕೇಳಿಸಿತು.

ಲಿಫ್ಟಿನಲ್ಲಿ ಹಾಡಿದ ಇಬ್ಬರ ಒಪ್ಪಿಗೆಯಿಂದ ಆ ಹಾಡೇ ಈಗ ಆಲ್ಬಮ್ಮಿನ ಕೊನೆಯ ಹಾಡು. ಅದರ ಎರಡನೇ ಸಾಲಿನಲ್ಲಿ ಪೂವಪ್ಪನವರ ದನಿ ನಡುಗುತ್ತದೆ. ಅದನ್ನು ಅಳಿಸಲು ಅವರು ಕೇಳಿಕೊಂಡಿದ್ದರು. ತಾನು ಹೆದರಿದ್ದು ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂದರು. ಪಕ್ಕದಲ್ಲಿದ್ದ ಅಲಮೇಲು ಅಮ್ಮ, "ಗೊತ್ತಾಗ್ಲಿ ಬಿಡೋ. ಹೆದರ್ಕೊಂಡೇ ಹಾಡ್ದೆ ಅಂತಾನೂ ಗೊತ್ತಾಗ್ಲಿ" ಎಂದರು. ನಾನು ಅಳಿಸಿಲ್ಲ.

ಕಂಡದ್ದನ್ನೂ ಕೇಳಿದ್ದನ್ನೂ ಬಿಟ್ಟು ಬೇರೇನೂ ಸೇರಿಸಿಲ್ಲ. ಓದಿಸಿ ಕೇಳಿ, ಸರಿಯಿದೆಯೆಂದು ಸಹಿ ಮಾಡಿದ್ದೇನೆ.

ಸ್ಥಳ: ಸಯನ್, ಮುಂಬೈ
ದಿನಾಂಕ: 20-1-2025
ಸಹಿ: ಸಾಧನಾ ಸೀತಾರಾಮ