ಅಕ್ಕನ ನಗು ಹಿಡಿಯುವಷ್ಟು ಜಾಗ

ಕಿವಿಯಿಲ್ಲದೆಯೇ ಎಲ್ಲರ ಮೊರೆ ಕೇಳುವ ತಂದೆಯೇ, ನಿನಗೆ ಶರಣು!... ಅಯ್ಯೋ, ನಿನಗಲ್ಲ ಅಕ್ಕಾ, ದೇವರಿಗೆ ಹೇಳಿದ್ದು! ಪಿಸುಗುಟ್ಟಿದ್ದೂ ಕೇಳಿಸಿತಾ? ಕೇಳಿಸಿತು!

ಏಯ್, ಆ ವೈರು ಎಳೀಬೇಡ! ನಿನ್ನ ಕಿವಿಗೆ ಹಾಕಿರೋ ನಮ್ಮ ಆಫೀಸಿನ ಯಂತ್ರದಿಂದ ನನ್ನ ಲ್ಯಾಪ್‌ಟಾಪಿಗೆ ಬಂದಿರೋದು ಅದು. ಹೊಲಿಗೆ ಮೆಷಿನ್ನಿನ ದಾರ ಅಲ್ಲ, ಹಲ್ಲಿಂದ ಕಡಿಯೋಕೆ!

ಏನು ಹಾಗೆ ಹುಬ್ಬು ಹಾರಿಸ್ತೀ? ಪರದೆ ಮೇಲೆ ಓಡ್ತಿರೋದು ಏನು ಅಂತಲಾ? ಕೂತ್ಕೋ, ಹೇಳ್ತೀನಿ. ಅಂಗಿಯ ಗುಂಡಿಯಷ್ಟಿರೋ ಈ ಯಂತ್ರದೊಳಗೆ ಒಂದು ತುಂಬಿದ ಸಂಸಾರ ಇದೆ. ಸದ್ದು ತರೋನು ಒಬ್ಬ, ಗದ್ದಲ ಸೋಸೋನು ಒಬ್ಬ, ಬ್ಯಾಟರಿ ಕಾಯೋನು ಇನ್ನೊಬ್ಬ. ಇವರಿಗೆ ಟಾಸ್ಕ್ ಅಂತೀವಿ. ಒಬ್ಬೊಬ್ಬನಿಗೂ ಕೆಲಸದ ಸಾಮಾನು ಪೇರಿಸೋಕೆ ಒಂದೊಂದು ಗೂಡು. ಅದೇ ಸ್ಟ್ಯಾಕು. ಗೂಡು ತುಂಬಿ ಹೊರಗೆ ಚೆಲ್ಲಿತೋ, ಪಕ್ಕದವನ ಗೂಡೂ ಕಲಸುಮೇಲೋಗರ! ಯಂತ್ರ ಮೂಕ!

ಯಾರು ಎಷ್ಟು ಪೇರಿಸಿದ ಅಂತ ಹೇಗೆ ಗೊತ್ತಾಗಬೇಕು? ನಾವು ಇಣುಕೋ ಹೊತ್ತಿಗೆ ಎಲ್ಲ ತೆಗೆದಿಟ್ಟು ಸಾಧುಗಳ ಹಾಗೆ ಕೂತಿರ್ತಾರೆ! ಅದಕ್ಕೇ ಗೂಡಿನ ತುಂಬ ಮೊದಲೇ ಒಂದು ಗುರುತು ಬರೆದುಬಿಡೋದು. ಸಾಮಾನು ಬಿದ್ದಲ್ಲೆಲ್ಲ ಗುರುತು ಅಳಿಯುತ್ತೆ, ತೆಗೆದರೂ ಮತ್ತೆ ಮೂಡಲ್ಲ. ಉಳಿದ ಗುರುತು ಎಣಿಸಿದರೆ, ಎಷ್ಟು ಜಾಗ ಮಿಕ್ಕಿತ್ತು ಅಂತ ಗೊತ್ತಾಯ್ತಲ್ಲ! ಬೇರೆಯವರು ಯಾವುದೋ ಅಂಕಿ ತುಂಬ್ತಾರೆ. ನಾನು... ನಗಬಾರದು ಮತ್ತೆ... ನಾನು 'ದೇವ ದೇವ' ಅಂತ ತುಂಬಿದೀನಿ! ಯಾಕೆ ನಗ್ತೀ? ಒಂದು 'ದೇವ'ಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರ, ಗೂಡಿನ ಒಂದೊಂದು ಖಾನೆಯಲ್ಲೂ ನಾಲ್ಕೇ ಬೈಟು, ಅಂದ್ರೆ ನಾಲ್ಕು ಅಕ್ಷರದ ಜಾಗ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ!

ಅಲ್ಲ, ನಗು! ನಗಲೇಬೇಕು! ಹಾಕ್ಕೊಂಡವರೇ ಗಟ್ಟಿಯಾಗಿ ನಕ್ಕರೆ ಆ ಗದ್ದಲ ಸೋಸೋ ಮಹಾರಾಯ ತಬ್ಬಿಬ್ಬಾಗಿ ಇನ್ನೊಬ್ಬನನ್ನು ಕರೀತಾನೆ, ಅವನು ಮತ್ತೊಬ್ಬನನ್ನು. ಬಂದವರ ಸಾಮಾನೂ ಅವನ ಗೂಡಿಗೇ, ಕರೆದಷ್ಟೂ ಗೂಡು ತುಂಬುತ್ತೆ. ನಮ್ಮ ಆಫೀಸಲ್ಲಿ ಎಲ್ಲ ಕೆಮ್ಮಿದ ಹಾಗೆ ನಗೋರು. ನಿನ್ನ ಹಾಗೆ ಗೋಡೆ ನಡುಗಿಸೋರು ಎಲ್ಲಿ ಸಿಗಬೇಕು! ಇವತ್ತು ಈ ಯಂತ್ರ ನಿನ್ನ ನಗು ತಡೆದುಕೊಂಡರೆ ಕಿವಿ ಕೇಳದವರಿಗೆಲ್ಲ ಇದನ್ನು ತಯಾರಿಸ್ತಾರೆ. ಇಲ್ಲಾಂದ್ರೆ ಕಸದಬುಟ್ಟಿ. ಏನು, ನಿನ್ನ ಕಿವೀಲಿರೋದಾ? ನಿನ್ನ ವಿಷಯ... ಅದು ಆಮೇಲೆ, ಆಮೇಲೆ!

ಮೊದಲು ಭಾವನ ಕತೆ ಕೇಳು. ಇಷ್ಟು ವರ್ಷ ನಿನ್ನ ಬೆನ್ನ ಹಿಂದೆ 'ಅಪ್ಪಣೆ, ಮಹಾರಾಣಿ' ಅಂತ ಗೊಣಗಿ ಗೊಣಗಿ ರೂಢಿ. ಇವತ್ತು ಬೆಳಗ್ಗೆಯೂ ಗೊಣಗಿದರು. ನೀನು ತಿರುಗಿಯೂ ನೋಡದೆ, 'ಹಾಗಾದರೆ ಬಟ್ಟೆ ಒಣಗಹಾಕಿ, ಮಂತ್ರಿಗಳೇ' ಅಂದೆಯಲ್ಲ! ಬಕೆಟ್ಟು ಕೈಜಾರಿ ಢಣ್ ಅಂತು! ಆಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದು ಏನು ಕೇಳಿದರು ಗೊತ್ತಾ? 'ಇದನ್ನು ಆಫ್ ಮಾಡೋ ಗುಂಡಿ ಎಲ್ಲಿದೆ ಮಾರಾಯ್ತಿ?'

ಹಾಂ, ಹಾಗೆ! ನಗು, ನಗು! ಅಯ್ಯಯ್ಯೋ, ದೇವರ ಹೆಸರು ಪಟಪಟ ಅಳೀತಿದೆ! ಮುನ್ನೂರು... ನೂರು... ನಲವತ್ತು... ತಂದೇ, ಕೈಬಿಡಬೇಡ!... ನಿಂತಿತು! ನಿಂತಿತು ಅಕ್ಕಾ! ಹನ್ನೊಂದು ಹೆಸರು ಉಳಿದಿವೆ! ಗೆದ್ದೆವು! ಪರೀಕ್ಷೆ ಮುಗೀತು! ಇನ್ನು ಸಂಜೆ ಆಫೀಸಿಗೆ ತಗೊಂಡು ಹೋಗಿ...

ಅಕ್ಕಾ? ಕೇಳಿಸ್ತಿಲ್ವಾ? ಯಂತ್ರ ಓಡ್ತಾನೇ ಇದೆಯಲ್ಲ... ಕಿವಿ ಮೇಲೆ ಯಾಕೆ ಕೈ ಮುಚ್ಚಿಕೊಂಡೆ? ನಾನೆಲ್ಲಿ ತೆಗೀತೀನಿ ಅಂದೆ...

ಹೂಂ. ಅಂದೆ. ಹಾಗೆ ನೋಡಬೇಡವೇ. ಇಷ್ಟು ಹೊತ್ತು ನಗಿಸ್ತಾ ಅದೊಂದನ್ನೇ ಮುಚ್ಚಿಟ್ಟಿದ್ದೆ. ಇದು ಮಾದರಿ ಯಂತ್ರ, ಇರೋದು ಒಂದೇ. ಪರೀಕ್ಷೆ ಮುಗಿದ ಕೂಡಲೇ ವಾಪಸ್ಸು ಕೊಡಬೇಕು. ಬೈದಾದರೂ ಬಿಡೇ...

ಇರು. ಇರು, ಇರು! ಆ ಹನ್ನೊಂದು ಇಲ್ಲಿವರೆಗಿನ ನಗುವಿನ ಲೆಕ್ಕ ಮಾತ್ರ. ನಾಳೆ ನೀನು ಇದಕ್ಕಿಂತ ಜೋರಾಗಿ ನಗಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ಇದು ಸುಳ್ಳಲ್ಲ ತಂದೇ, ನಮ್ಮ ಕಸುಬಿನ ಮೊದಲ ಪಾಠ! ಈಗಲೇ ಮ್ಯಾನೇಜರಿಗೆ ಫೋನ್ ಮಾಡ್ತೀನಿ: 'ಸಾರ್, ಪರೀಕ್ಷೆ ಮುಗಿದಿಲ್ಲ. ನಮ್ಮಕ್ಕ ಇನ್ನೂ ಪೂರ್ತಿ ನಕ್ಕಿಲ್ಲ!'

ಕೈ ತೆಗಿಯೇ ಈಗಲಾದರೂ. ತೆಗೆಯಲ್ವಾ? ಸರಿ, ಹಾಗೇ ಕೇಳಿಸ್ಕೋ: ಕೇಳಿದವರೆಲ್ಲರ ಎದೆಯಲ್ಲೂ ನಗು ತುಂಬಲಿ. ತುಂಬಿದ ಮೇಲೂ ಆ ತಂದೆಯ ಹೆಸರಿಗೆ ಒಂಚೂರು ಜಾಗ ಉಳಿಯಲಿ.