ಒಡೆದ ಹಿಮ್ಮಡಿ

ಮೂಳೆ ಡಾಕ್ಟರ ಕೋಣೆ ಮೇಲಿನ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ನರೆಗೂದಲಿನ ಅಕ್ಕತಂಗಿಯರಿಬ್ಬರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನಲ್ಲಿ ಕೂತಿದ್ದ ಟೈಲರ್‌ನ ಕಿವಿ ನೆಟ್ಟಗಾಯಿತು.

"ನನ್ನ ಕೈಲಾಗಲ್ಲ ಕಣೇ. ಮಂಡಿ ಮುಷ್ಕರ ಹೂಡಿದೆ."

"ಅಷ್ಟು ದೊಡ್ಡ ಬಂಡೆನ ಹಗ್ಗ ಇಲ್ದೆ ಹತ್ತಿದವಳು ಆಡೋ ಮಾತಾ ಅಕ್ಕಾ ಇದು?"

"ಅದು ಹುಚ್ಚು ವಯಸ್ಸು. ಅಪ್ಪನಿಗೆ ಗೊತ್ತಾಗಿದ್ರೆ ಚರ್ಮ ಸುಲೀತಿದ್ರು."

"ನಾನು ಅರ್ಧದಲ್ಲಿ ಹಲ್ಲಿ ಥರ ಅಂಟ್ಕೊಂಡು ಅಳ್ತಿದ್ದೆ. ತುದಿ ಮುಟ್ಟಿದ ನೀನು ನನಗೋಸ್ಕರ ವಾಪಸ್ ಇಳಿದು ಬಂದೆ. ಅಂಥ ಧೈರ್ಯ ಇನ್ಯಾರಲ್ಲೂ ಕಂಡಿಲ್ಲ ನಾನು."

"ನಾನೂ ನಡುಗ್ತಿದ್ದೆ, ತೋರಿಸ್ಕೊಳ್ಲಿಲ್ಲ ಅಷ್ಟೇ."

"ಆಗ ಏನಂದೆ, ನೆನಪಿದೆಯಾ?"

"ಕೆಳಗೆ ನೋಡ್ಬೇಡ, ನನ್ನ ಹಿಮ್ಮಡಿ ನೋಡ್ಕೊಂಡು ಬಾ ಅಂದೆ."

ತಂಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಒಂದು ಮೆಟ್ಟಿಲು ಮೇಲೇರಿದಳು.

"ಈಗ ನನ್ನ ಹಿಮ್ಮಡಿ ನೋಡು."

"ಅಯ್ಯೋ, ಎಷ್ಟು ಒಡೆದಿದೆಯೇ!"

"ಬಂಡೆ ಅಂದ್ಮೇಲೆ ಬಿರುಕು ಇರ್ಬೇಕು. ಹತ್ತು!"

ಇಬ್ಬರೂ ನಗುತ್ತಾ ತಿರುವು ದಾಟಿದಾಗ ಟೈಲರ್ ಕೈನೋವು ಮರೆತು ಚಪ್ಪಾಳೆ ತಟ್ಟಿಯೇಬಿಟ್ಟ.