ಕೋರ್ಟ್ ಮೇಲೆ ಮುಸುಕಿನ ಜೋಳ

ವೇದಿಕೆಯ ಮೇಲಿರುವ ಹಿರಿಯರೇ, ಮಾದಸ್ವಾಮಿಯವರ ಶ್ರೀಮತಿ ಶಿವರತ್ನಮ್ಮನವರೇ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದಿರುವ ಅವರ ಶಿಷ್ಯರೇ — ನಮಸ್ಕಾರ. ನಾನು ಬಸವಕುಮಾರ್, ಇತಿಹಾಸದ ಮೇಷ್ಟ್ರು. ಇದೇ ಕಾಲೇಜಿನಲ್ಲಿ ಮಾದಸ್ವಾಮಿಯವರ ಜೊತೆ ಕೆಲಸ ಮಾಡಿದವನು.

ಸಿದ್ಧಮಾಡಿಕೊಂಡು ಬಂದದ್ದನ್ನು ನಾನು ಹೇಳುವುದಿಲ್ಲ. ಈಗಷ್ಟೇ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷ ಸದಾಶಿವಪ್ಪನವರು ಮಾದಸ್ವಾಮಿಯವರ ಭಾವಚಿತ್ರಕ್ಕೆ ಹಾರ ಹಾಕಿ ಒಂದು ಮಾತು ಹೇಳಿದರು. "ದೊಡ್ ಕೋಚು. ಕಡೇ ವರ್ಷ ಮಾತ್ರ ಟೀಮ್ ಕೈಬುಟ್ಬುಟ್ರು." — ಕೇಳಿಸಿಕೊಂಡಿರಲ್ಲ? ಇದನ್ನು ಇವತ್ತು ಬಿಟ್ಟರೆ ನಾಳೆ ಇದೇ ಅವರ ಹೆಸರಾಗುತ್ತದೆ. ಬಿಡುವುದಿಲ್ಲ.

ಬಂಡಳ್ಳಿ, ರಾಮಾಪುರ, ಮಾಂಬಳ್ಳಿಯ ಮನೆ ಮನೆಗೆ ಹೋಗಿ, ಅಪ್ಪ ಅಮ್ಮಂದಿರನ್ನು ಒಪ್ಪಿಸಿ, ಹೆಣ್ಣುಮಕ್ಕಳನ್ನು ಬ್ಯಾಸ್ಕೆಟ್‌ಬಾಲ್‌ಗೆ ಕರೆತಂದವರು ಮಾದಸ್ವಾಮಿ. ವಿಶ್ವವಿದ್ಯಾಲಯದ ಕಪ್ ಈ ಕಾಲೇಜಿಗೆ ಬಂದದ್ದು ಆ ಮಕ್ಕಳಿಂದ.

ಕಡೇ ವರ್ಷ ಏನಾಯಿತು? ಟೂರ್ನಿಗೆ ಮುಂಚೆ ಅಧ್ಯಕ್ಷರ ಹೊಲದಲ್ಲಿ ಮುಸುಕಿನ ಜೋಳದ ಕೊಯ್ಲಾಯಿತು. ನಮ್ಮ ಸಿಮೆಂಟ್ ಕೋರ್ಟ್ ಅವರ ಕಣವಾಯಿತು! ಈ ಗೋಡೆಯಿಂದ ಆ ಕಂಬದವರೆಗೆ ಜೋಳ. ಮಾದಸ್ವಾಮಿ ಕೇಳಿಕೊಂಡರು — ನಾನು ಪಕ್ಕದಲ್ಲೇ ಇದ್ದೆ — "ಸಾ, ಮಕ್ಕಳು ಆಡ್ಬೇಕು, ಒಸಿ ಜೋಳ ತೆಗ್ಸಿ ಸಾ."

ಈ ಅಧ್ಯಕ್ಷರ ಉತ್ತರ: "ಲೇ, ಮಳೆ ಬಂದ್ರೆ ನನ್ ಜೋಳ ಮೊಳಕೆ ಒಡೀತದೆ. ನಿನ್ ಎಣ್ಮಕ್ಕಳು ಮೊಳಕೆ ಒಡೆದಾರೇನ್ಲಾ?"

ನಕ್ಕವರೂ ಇದ್ದರು. ಇಲ್ಲೇ ಕೂತಿದ್ದಾರೆ.

ಮಾದಸ್ವಾಮಿ ಮಕ್ಕಳನ್ನು ಹಿಂದಿನ ಮೈದಾನಕ್ಕೆ ಕರೆದೊಯ್ದರು. ಕೆಸರು ಮಣ್ಣು. ಚೆಂಡು ಪುಟಿಯದು. ಕೈಯಿಂದ ಕೈಗೆ ಎಸೆಯುವುದನ್ನಷ್ಟೇ ಕಲಿಸಿದರು. ಪಂದ್ಯದಲ್ಲಿ ನಾಯಕಿ ರೂಪ ಚೆಂಡು ಹಿಡಿದು ನಿಂತೇಬಿಟ್ಟಳು, ಪುಟಿಸಿಕೊಂಡು ಓಡಲಿಲ್ಲ. ಚೆಂಡು ಹಿಡಿದು ಹೆಚ್ಚು ಹೊತ್ತು ನಿಂತರೆ ತಪ್ಪು; ರೆಫರಿಯ ಸೀಟಿ ಬಿತ್ತು. ಮತ್ತೆ ನಿಂತಳು — ಮತ್ತೆ ಸೀಟಿ. "ಕೈಗೆ ಪುಟ್ಸೋದೇ ಮರ್ತೋಗ್ಬುಟ್ಟದೆ ಸಾ," ಎಂದು ಅತ್ತಳು. ಮೊದಲ ಸುತ್ತಿನಲ್ಲೇ ಸೋತೆವು. "ಕಲಿಸೋಕೆ ಬರಾಕಿಲ್ಲ" ಎಂದು ಅಧ್ಯಕ್ಷರು ಮಾದಸ್ವಾಮಿಯವರನ್ನು ಕೆಲಸದಿಂದ ತೆಗೆದರು.

ನಡೆದದ್ದನ್ನು ಎಲ್ಲರ ಮುಂದೆ ಹೇಳೋಣ ಬನ್ನಿ ಎಂದು ನಾನು ಅವರಿಗೆ ಹೇಳಿದೆ. "ಬ್ಯಾಡ ಸಾ. ನನ್ ಮೇಲಿನ್ ಸಿಟ್ಗೆ ಟೀಮ್ನೇ ಮುಚ್ಬುಡ್ತಾರೆ," ಎಂದರು. ಸಾಯುವವರೆಗೂ ಆ ಅಪವಾದ ಹೊತ್ತರು.

ಅದರಿಂದಲೇ ಸತ್ತರು ಎಂದು ನಾನು ಹೇಳುವುದಿಲ್ಲ. ವೈದ್ಯರು ಹೃದಯಾಘಾತ ಎಂದಿದ್ದಾರೆ. ಆದರೆ ಟೀಮ್ ಕೈಬಿಟ್ಟವರು ಯಾರು ಎಂಬುದಕ್ಕೆ ವೈದ್ಯರು ಬೇಕಾಗಿಲ್ಲ. ಇನ್ನು ಆ ಟೀಮಿನ ಮೇಲೆ ಕೈ ಹಾಕಿ ನೋಡಿ ಅಧ್ಯಕ್ಷರೇ — ಇದೇ ಮಾತನ್ನು ಪ್ರತಿ ಊರಿನ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ.

ಈಗ ಮಾದಸ್ವಾಮಿಯವರಿಗಾಗಿ ಎಲ್ಲರೂ ಎದ್ದು, ಮಾತಿಲ್ಲದೆ ನಿಲ್ಲೋಣ. ಏಳಮ್ಮಾ ರೂಪ. ತಲೆ ಎತ್ತಿ ನಿಲ್ಲು.

— ತಾವು ಬೇಡ, ಸದಾಶಿವಪ್ಪನವರೇ. ಕೂತುಕೊಳ್ಳಿ. ಮಕ್ಕಳು ನೋಡಲಿ.